ಮೂರೂವರೆ ವರ್ಷ ತೋಟ ಸವರಿದ ಮಷಿನ್, ಎರಡು ತಿಂಗಳು ಕಾಯಿಸಿದ ಸೀಲು

2022ರ ಮೇ ತಿಂಗಳಲ್ಲಿ ಶಿರಸಿ ಪೇಟೆಯಲ್ಲಿ ಕೊಂಡ, ಹುಲ್ಲು ಮಟ್ಟಿ ಸವರುವ ಬ್ರಷ್ ಕಟರ್ ಇದು. ಟೂ ಸ್ಟ್ರೋಕ್, 42 ಸಿಸಿ, ಹೆಗಲಿಗೆ ನೇತುಹಾಕಿಕೊಳ್ಳುವ ನಮೂನೆ. 17,500 ರೂಪಾಯಿ, ಒಂದು ವರ್ಷ ವಾರಂಟಿ. ಕಂಪನಿಯ ಹೆಸರು, ಅಂಗಡಿಯ ಹೆಸರು ಹೇಳುವುದಿಲ್ಲ, ನಾಳೆ ಮತ್ತೆ ಅದೇ ಅಂಗಡಿಗೆ ಹೋಗಬೇಕು.

ನಮ್ಮದು ಹುಲೇಕಲ್ ಕಡೆ ಎರಡು ಎಕರೆ ಅಡಿಕೆ ತೋಟ. ಜೊತೆಗೆ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಎಕರೆ ತೋಟಕ್ಕೆ 9 ಎಕರೆ ಸೊಪ್ಪಿನ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲಿ ಬಿಟ್ಟುಕೊಟ್ಟಿದ್ದು ಒಳ್ಳೆಯದೇ. ಸವರುವವನ ಸೊಂಟವನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲ ಮಳೆಗಾಲ ಮಷಿನ್ ಚೆನ್ನಾಗಿ ಓಡಿತು. ಎರಡು ಸಲ ಎಳೆದರೆ ಸ್ಟಾರ್ಟ್. ಬಸಿಗಾಲುವೆಯ ಅಂಚಿನ ಹುಲ್ಲು, ಬೆಟ್ಟದ ಬುಡದ ಕೌಳಿ ಮಟ್ಟಿ ಎರಡಕ್ಕೂ ಸೈ. ತೂಕ ಸ್ವಲ್ಪ ಜಾಸ್ತಿ, ತಾಸು ಬಿಟ್ಟು ಕೈ ಜೋಮು ಹಿಡಿಯುತ್ತದೆ. ಅದು ಎಲ್ಲ ಮಷಿನ್ನಿನ ಕತೆ.

ನವೆಂಬರಿನಲ್ಲಿ ಕಾಟ ಶುರುವಾಯಿತು. ಅಡಿಕೆ ಗೊನೆ ಕೊಯ್ಲಿಗೆ ಮೊದಲು ತೋಟ ಸವರದಿದ್ದರೆ ಉದುರಿದ ಅಡಿಕೆ ಹುಲ್ಲಿನೊಳಗೇ ಹೋಗುತ್ತದೆ, ಗೊತ್ತಲ್ಲ. ಅರ್ಧ ಸಾಲು ಮುಗಿಸಿ ಆಕ್ಸಿಲರೇಟರ್ ಬಿಟ್ಟೆ. ಎಂಜಿನ್ ಇಳಿಯಲಿಲ್ಲ. ತಾನಾಗಿಯೇ ಏರಿ ಏರಿ ಕೂಗತೊಡಗಿತು. ಐಡಲಿಗೆ ಬಂದಾಗ ಕ್ಲಚ್ ಬಿಟ್ಟು ಬ್ಲೇಡು ನಿಲ್ಲಬೇಕು. ನನ್ನ ಬ್ಲೇಡು ಕಾಲಿನ ಹತ್ತಿರ ತಿರುಗುತ್ತಲೇ ಇತ್ತು. ಸ್ವಿಚ್ ಒತ್ತಿ ಆರಿಸಿದೆ. ಸಿಲಿಂಡರಿನ ಹತ್ತಿರ ಕೈ ತಂದರೆ ಕಾದ ಕಾವಲಿಯ ಹಾಗೆ ಬಿಸಿ.

ಅಂಗಡಿಗೆ ಒಯ್ದೆ. ಮೆಕ್ಯಾನಿಕ್ ಪೆಟ್ರೋಲು, ಗಾಳಿ ಬೆರೆಸುವ ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ಸದ್ದು ಇಳಿಸಿಕೊಟ್ಟ. ನಾಲ್ಕು ದಿನ ಸರಿ, ಆಮೇಲೆ ಅದೇ ರಾಗ. ಹೀಗೆ ಮೂರು ಸಲ. ನಾಲ್ಕನೇ ಸಲ ಮಾತು ಬದಲಾಯಿತು: 'ಹೆಗಡೇರೆ, ನೀವು ಆಯಿಲ್ ಕಮ್ಮಿ ಹಾಕಿದ್ದೀರಿ.'

ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ಪುಸ್ತಕದಲ್ಲಿ 1:40 ಎಂದಿದೆ, ಅಂದರೆ ಲೀಟರ್ ಪೆಟ್ರೋಲಿಗೆ 25 ಎಂಎಲ್ ಟೂ-ಟಿ ಆಯಿಲ್. ಮೊಮ್ಮಗಳ ಕೆಮ್ಮಿನ ಔಷಧಿಯ ಅಳತೆ ಮುಚ್ಚಳದಲ್ಲಿ ಅಳೆದೇ ಹಾಕುತ್ತೇನೆ. ಮನೆಯವಳು ಅದಕ್ಕೆ ಬೈದದ್ದೂ ಆಗಿದೆ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು, ಗಾಳಿ, ಆಯಿಲ್ ಮೂರೂ ಸೇರಿ ಮೊದಲು ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಇರುವ ಕೋಣೆಗೆ ಹೋಗುತ್ತವೆ. ಅಲ್ಲಿಂದ ಮೇಲೆ ಸಿಲಿಂಡರಿಗೆ. ಆ ಕೋಣೆಯಿಂದ ಕ್ರ್ಯಾಂಕ್ ಹೊರಬರುವ ಎರಡೂ ಕಡೆ ರಬ್ಬರಿನ ಆಯಿಲ್ ಸೀಲ್ ಇದೆ. ಒಂದು ಸೀಲ್ ಬಿಟ್ಟರೂ ಕಾರ್ಬೊರೇಟರ್ ಲೆಕ್ಕ ಇಡದ ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತದೆ. ಪೆಟ್ರೋಲಿನ ಪಾಲು ಕಮ್ಮಿ, ಅದರ ಜೊತೆ ಬರುವ ಆಯಿಲೂ ಕಮ್ಮಿ. ಎಂಜಿನ್ ಕೂಗುತ್ತದೆ, ಕಾಯುತ್ತದೆ, ಕಡೆಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಡಿಯುತ್ತದೆ. ಸ್ಕ್ರೂ ತಿರುಗಿಸುವುದೆಂದರೆ ಜ್ವರ ಬಂದವನ ಮೈ ಮೇಲೆ ತಣ್ಣೀರು ಬಟ್ಟೆ ಹಾಕಿದಂತೆ, ಅಷ್ಟೇ.

ಇದನ್ನೆಲ್ಲ ಹೇಳಿಕೊಟ್ಟವನು ಹುಬ್ಬಳ್ಳಿಯಲ್ಲಿ ಓದುವ ನನ್ನ ತಂಗಿಯ ಮಗ. ಕಾರಿನ ಹುಚ್ಚ. 'ಮಾವ, ಸೀಲು ಸಣ್ಣ ಸಾಮಾನಲ್ಲ' ಅಂತ ರೋಟರಿ ಎಂಜಿನ್ನಿನ ಪುರಾಣ ತೆಗೆದ. ಅದರಲ್ಲಿ ಪಿಸ್ಟನ್ನೇ ಇಲ್ಲವಂತೆ, ಮೂರು ಮೂಲೆಯ ರೋಟರ್ ತಿರುಗುತ್ತದೆ. ಮೂಲೆಗೊಂದು ಅಪೆಕ್ಸ್ ಸೀಲ್. ಅದು ಸವೆದರೆ ಕಂಪ್ರೆಷನ್ ಹೋಯಿತು, ಎಂಜಿನ್ ಕೆಳಗಿಳಿಸಬೇಕು. ಮಾಜ್ದಾ ಕಂಪನಿ ತನ್ನ ಆರ್‌ಎಕ್ಸ್-8 ಕಾರಿನ 2004ರಿಂದ 2008ರ ಮಾದರಿಗಳಿಗೆ ಅಮೆರಿಕದಲ್ಲಿ ರೋಟರಿ ಎಂಜಿನ್ನಿನ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ಏರಿಸಿತ್ತು. ನನ್ನ ವಾರಂಟಿ ಕಾರ್ಡಿನಲ್ಲಿ ನೋಡಿದರೆ 'ರಬ್ಬರ್ ಮತ್ತು ಸವೆಯುವ ಭಾಗಗಳಿಗೆ ಅನ್ವಯಿಸದು' ಎಂಬ ಇರುವೆ ಗಾತ್ರದ ಅಕ್ಷರ.

ಹೊರಗಿನವರ ಹತ್ತಿರ ಬಿಚ್ಚಿಸಿದರೆ ವಾರಂಟಿ ಹೋಗುತ್ತದೆ. ಹಾಗಾಗಿ ಅಂಗಡಿಯಲ್ಲೇ, ನನ್ನೆದುರೇ ಪರೀಕ್ಷೆ ಮಾಡಿ ಅಂತ ಕೂತೆ. ಸೈಲೆನ್ಸರ್, ಕಾರ್ಬೊರೇಟರ್ ಬಿಚ್ಚಿ ಎರಡೂ ಬಾಯಿ ಮುಚ್ಚಿದರು. ಕ್ರ್ಯಾಂಕಿನ ತುದಿಯ ಚಕ್ರ, ಫ್ಲೈವೀಲ್ ತೆಗೆದರು. ಕೈಪಂಪಿನಿಂದ ಒಳಗೆ ಸ್ವಲ್ಪ ಗಾಳಿ ಕೊಟ್ಟು ಸೋಪಿನ ನೀರು ಹಚ್ಚಿದರು. ಕ್ಲಚ್ ಕಡೆ ಏನಿಲ್ಲ. ಫ್ಲೈವೀಲ್ ಕಡೆ ಸೀಲಿನ ಸುತ್ತ ಸಾಸಿವೆಯಷ್ಟು ಗುಳ್ಳೆ ಒಂದರ ಹಿಂದೆ ಒಂದು ಎದ್ದವು. ನಾನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆ. ಒಳಗೆ ಬೇರಿಂಗಿನ ಮೇಲೆ ಆಯಿಲಿನ ಜಿಡ್ಡು ಬೆರಳಿಗೆ ಹತ್ತುವಷ್ಟು ಇತ್ತು. ಆಯಿಲ್ ಕಮ್ಮಿ ಎಂಬ ಮಾತು ಅಲ್ಲಿಗೆ ನಿಂತಿತು.

ಆ ವಿಡಿಯೊ, ಬಿಲ್ಲು, ಮೂರು ಸಲದ ಸರ್ವೀಸ್ ಚೀಟಿ ಎಲ್ಲ ಕಂಪನಿಗೆ ಹೋಯಿತು. ಉತ್ತರ ಬರಲು ಮೂರು ವಾರ, ಸೀಲ್ ಬರಲು ಐದು ವಾರ. ಎರಡು ಸೀಲ್, ಗ್ಯಾಸ್ಕೆಟ್, ಮಜೂರಿ ಪುಕ್ಕಟೆ. ಪಿಸ್ಟನ್ನಿನ ಮೇಲೆ ಗೀರು ಬಿದ್ದಿತ್ತು. ಅದರ ರಿಂಗಿನ ದುಡ್ಡು ನಾನೇ ಕೊಡಬೇಕಾಯಿತು, 340 ರೂಪಾಯಿ. ಸೀಲ್ ಜೋಡಿಯ ಬೆಲೆ ಕೇಳಿದೆ: 180. ಅಷ್ಟರೊಳಗೆ ಮಷಿನ್ ಸಮೇತ ಆಳು ಕರೆಸಿ ತೋಟ ಸವರಿಸಲು ಆರು ಸಾವಿರ ಹೋಗಿತ್ತು. ಅದನ್ನು ಯಾವ ವಾರಂಟಿಯೂ ಕೊಡುವುದಿಲ್ಲ.

ಆಮೇಲಿನ ಮೂರು ವರ್ಷ ದೊಡ್ಡ ದೂರಿಲ್ಲ. ಬ್ಲೇಡಿನ ಬುಡಕ್ಕೆ ಹುಲ್ಲಿನ ನಾರು ಸುತ್ತಿಕೊಂಡು ಗೇರಿನ ಗ್ರೀಸ್ ಒಂದು ಸಲ ಸೋರಿತು, ಆ ಸೀಲನ್ನು ನಾನೇ ಹಾಕಿದೆ. ಈಗ ಬಂಕಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇದೆ. ಅದು ನೀರು ಎಳೆದುಕೊಳ್ಳುತ್ತದೆ, ನಮ್ಮ ಮಳೆಗೆ ಕೇಳಬೇಕಾ? ಕಲಸಿದ ಪೆಟ್ರೋಲನ್ನು ಎರಡು ವಾರದ ಮೇಲೆ ಇಡುವುದಿಲ್ಲ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ತೀರುವವರೆಗೆ ಓಡಿಸಿಯೇ ಒಳಗೆ ಇಡುತ್ತೇನೆ.

ಐದಕ್ಕೆ ಅಂಕ ಕೇಳಿದರೆ ಮಷಿನ್ನಿಗೆ 4, ಸರ್ವೀಸಿಗೆ 2. ಕೊಳ್ಳುವ ಮೊದಲು ಬಿಡಿಭಾಗ ಶಿರಸಿಯಲ್ಲೇ ಸಿಗುತ್ತದಾ ಅಂತ ಕೇಳಿ. ಆಗಲೇ ಒಂದು ಜೊತೆ ಸೀಲ್ ತಂದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ನಾನು ತಂದಿಟ್ಟಿದ್ದೆ. ಈ ದೀಪಾವಳಿಗೆ ಮಷಿನ್ ಮತ್ತೆ ಕೂಗಲು ಶುರುಮಾಡಿದಾಗ ಸೋದರಳಿಯ ಜಗುಲಿಯ ಮೇಲೆ ಗೋಣಿಚೀಲ ಹಾಸಿ ಕೂತ. ಹಳೆ ಸೀಲಿನ ಬಾಯಿ ಉಗುರು ತಾಗಿದರೆ ಬಿರಿಯುವಷ್ಟು ಗಟ್ಟಿಯಾಗಿತ್ತು. ಹೊಸದಕ್ಕೆ ಎರಡು ಹನಿ ಆಯಿಲ್ ಸವರಿ, ಅದೇ ಅಳತೆಯ ಬಾಕ್ಸ್ ಪಾನಾ ಇಟ್ಟು ಮೆಲ್ಲಗೆ ತಟ್ಟಿ ಕೂರಿಸಿದ. ಎಲ್ಲ ಜೋಡಿಸಿ ಅಂಗಳಕ್ಕೆ ಒಯ್ದು ಹಗ್ಗ ಎಳೆದ, ಕೂಗಿಸಿ ಆಕ್ಸಿಲರೇಟರ್ ಬಿಟ್ಟ. ಸದ್ದು ಇಳಿಯಿತು. ಬ್ಲೇಡು ಎರಡು ಸುತ್ತು ತಿರುಗಿ ನಿಂತಿತು.