ಬೆಳಗಾಗುವಷ್ಟರಲ್ಲಿ ಬ್ಯಾಟರಿ ಡೌನ್: ಯಾವ ದಾರಿ ಹಿಡಿಯಲಿ?

ರಾತ್ರಿ ನಿಲ್ಲಿಸಿದ ಹಳೇ ಕಾರಿನ ಬ್ಯಾಟರಿ ಬೆಳಗ್ಗೆ ಖಾಲಿ, ಕರೆಂಟ್ ಎಲ್ಲಿ ಸೋರುತ್ತಿದೆ ಅಂತ ನೋಡಲು ಮೀಟರ್ ತರಲೋ, ಎಲೆಕ್ಟ್ರಿಷಿಯನ್ ಹತ್ತಿರ ಹೋಗಲೋ ಅಂತ ಕೇಳಿದಿರಿ. ಮೊದಲು ಬ್ಯಾಟರಿಯನ್ನೇ ಚೆಕ್ ಮಾಡಿಸಿ. ಕಲಬುರಗಿ ಬಿಸಿಲಿಗೆ ಅದು ಬೇಗ ಸೊರಗುತ್ತದೆ.

ಬ್ಯಾಟರಿ ಸರಿಯಿದ್ದರೆ ಸೋರಿಕೆ ಹುಡುಕಿ. ಖರ್ಚು ಕಮ್ಮಿ ಬೇಕಾದರೆ ಕರೆಂಟ್ ಅಳೆಯುವ ಮಲ್ಟಿಮೀಟರ್ ಸಾಕು. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ವೈರಿಗೂ ಬ್ಯಾಟರಿಗೂ ನಡುವೆ ಮೀಟರನ್ನು 10 ಆಂಪ್ ಸೆಟ್ಟಿಂಗ್‌ನಲ್ಲಿ ಸೇರಿಸಿ, ಅರ್ಧ ಗಂಟೆ ಸುಮ್ನೆ ಬಿಡಿ. ಸುಮಾರು 50 ಮಿಲಿಆಂಪ್ ಒಳಗಿದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಫ್ಯೂಸ್ ಒಂದೊಂದೇ ಕಿತ್ತು ನೋಡಿ. ನನ್ನ ಗಾಡಿಯಲ್ಲಿ 380 ಇತ್ತು. ಸ್ಟೀರಿಯೊ ಫ್ಯೂಸ್ ಕಿತ್ತ ಕೂಡಲೇ 30ಕ್ಕೆ ಬಿತ್ತು. ಮೀಟರ್ ಇರುವಾಗ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

ವೈರಿನ ಸುತ್ತ ಹಿಡಿಸಿ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ದುಬಾರಿ, ಆದರೆ ವೈರ್ ಬಿಚ್ಚುವ ಗೋಜಿಲ್ಲ. ಎರಡು-ಮೂರು ಗಾಡಿ ಇದ್ದವರಿಗೆ ಸರಿ.

ಎಲ್ಲ ಫ್ಯೂಸ್ ಕಿತ್ತರೂ ಇಳಿಯಲಿಲ್ವಾ? ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಡಯೋಡ್ ಕೆಟ್ಟಿರಬಹುದು. ಆಗ ದುಡ್ಡು ಹೋದರೂ ಎಲೆಕ್ಟ್ರಿಷಿಯನ್ನೇ ಬೇಕು.