ಒಂದೇ ಫೈಲ್ ಎರಡು ಸಲ: ಹಳೆಯ ನೋಟ್‌ಪ್ಯಾಡ್, ವಿಮ್, ಲಿಬ್ರೆಆಫೀಸ್

ವಿಂಡೋಸ್ 10ರ ನೋಟ್‌ಪ್ಯಾಡ್ ಏನೂ ಕೇಳುವುದಿಲ್ಲ, ಅದೇ ಫೈಲನ್ನು ಎಷ್ಟು ಸಲ ಬೇಕಾದರೂ ತೆರೆಯುತ್ತದೆ. ಸುಮ್ನೆ ಓದುವುದಕ್ಕೆ ಸರಿ. ಆದರೆ ಎರಡು ಕಿಟಕಿಯಲ್ಲೂ ತಿದ್ದಿ ಒಂದಾದ ಮೇಲೆ ಒಂದು ಸೇವ್ ಮಾಡಿದರೆ ಮೊದಲು ಬರೆದದ್ದು ಅಳಿಸಿಹೋಗುತ್ತದೆ, ಎಚ್ಚರಿಕೆಯೂ ಬರುವುದಿಲ್ಲ. ನನಗೆ ಹೀಗೆ ಅರ್ಧ ದಿನದ ಕೆಲಸ ಹೋಗಿದೆ, ಆ ಬೇಜಾರು ಇನ್ನೂ ಇದೆ.

ವಿಮ್ ಅನ್ನುವ ಟೆಕ್ಸ್ಟ್ ಎಡಿಟರ್ ತಡೆಯುವುದಿಲ್ಲ, ಕೇಳುತ್ತದೆ. ತಿದ್ದುವಾಗ ಒಂದು ಸ್ವಾಪ್ ಫೈಲ್ (ತಿದ್ದಿದ್ದನ್ನು ಇಟ್ಟುಕೊಳ್ಳುವ ತಾತ್ಕಾಲಿಕ ಫೈಲ್) ಇಟ್ಟಿರುತ್ತದೆ, ಎರಡನೇ ಸಲ ತೆರೆದರೆ ಅದನ್ನು ನೋಡಿ ಓದಲು ಮಾತ್ರವೋ, ಹಾಗೇ ತಿದ್ದುವುದೋ, ಬಿಡುವುದೋ ಅಂತ ವಿಚಾರಿಸುತ್ತದೆ. ನನಗೆ ಇದೇ ಇಷ್ಟ.

ಆಫೀಸಿನಲ್ಲಿ ನಾಲ್ಕು ಜನ ಒಂದೇ ಫೋಲ್ಡರ್ ಬಳಸುವುದಾದರೆ ಮಾತ್ರ ಲಿಬ್ರೆಆಫೀಸ್ (ವರ್ಡ್, ಎಕ್ಸೆಲ್ ತರಹದ ಉಚಿತ ತಂತ್ರಾಂಶ) ವಾಸಿ. ಫೈಲ್ ಪಕ್ಕದಲ್ಲೇ, ಅದು ಬಳಕೆಯಲ್ಲಿದೆ ಅಂತ ಗುರುತಿಡುವ ಲಾಕ್ ಫೈಲ್ ಇಡುವುದರಿಂದ ಇನ್ನೊಬ್ಬರು ತೆರೆದಾಗ ಯಾರ ಹತ್ತಿರ ತೆರೆದಿದೆ ಅಂತ ಹೇಳಿ, ಓದಲು ಮಾತ್ರ ಅಥವಾ ಅದರ ಒಂದು ನಕಲು ಪ್ರತಿ ತೆರೆಯಲು ಬಿಡುತ್ತದೆ. ಕಂಪ್ಯೂಟರ್ ದಿಢೀರ್ ಆಫ್ ಆದರೆ ಲಾಕ್ ಹಾಗೇ ಉಳಿದುಬಿಡಬಹುದು, ಅದೊಂದು ಕಿರಿಕಿರಿ.

ಉದ್ದದ ಬರಹದ ಎರಡು ಕಡೆ ಒಟ್ಟಿಗೆ ನೋಡಬೇಕು ಅಷ್ಟೇ ಅಲ್ವಾ? ಹಾಗಾದರೆ ಫೈಲ್ ಎರಡು ಸಲ ತೆರೆಯಬೇಡಿ. ಲಿಬ್ರೆಆಫೀಸ್‌ನ ವಿಂಡೋ ಮೆನುವಿನಲ್ಲಿ ‘ನ್ಯೂ ವಿಂಡೋ’ ಒತ್ತಿ, ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲೂ ಕಾಣುತ್ತದೆ. ವಿಮ್‌ನಲ್ಲಿ ಇದಕ್ಕೆ ಕಿಟಕಿಯನ್ನು ಎರಡು ಭಾಗ ಮಾಡುವ ಸ್ಪ್ಲಿಟ್ ಇದೆ.