ಆಟ ಚೆನ್ನಾಗಿದೆ, ಆದ್ರೆ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ದಂಡ ಕೇಳ್ತದೆ

ಬ್ರೌಸರ್‌ನಲ್ಲೇ ಓಡೋ ಈ ಜೀವಿಗಳ ಕಾಳಗದ ಆಟ ನಾನು ಹೋದ ವರ್ಷದ ಮಳೆಗಾಲಕ್ಕಿಂತ ಮುಂಚಿಂದ ಆಡ್ತಾ ಇದ್ದೇನೆ. ಹೆಸರು ಬರೆಯೋದಿಲ್ಲ. ಮೊಟ್ಟೆ ಒಡೆದು ಮರಿ ಬರ್ತದೆ, ಮರಿ ಸಾಕಿ ಬೇರೆಯವರ ಮರಿ ಜೊತೆ ಕಾದಾಡಿಸ್ಬೇಕು, ಆಟದೊಳಗಿನ ಅಂಗಡಿಲಿ ಜೆಮ್ (ಆಟದಲ್ಲಷ್ಟೇ ನಡೆಯೋ ನಾಣ್ಯ) ಮಾರ್ತಾರೆ ಅಂದ್ರೆ ಆಡೋರಿಗೆ ಯಾವ್ದು ಅಂತ ಗೊತ್ತಾಗ್ತದೆ. ಎಷ್ಟು ಜೀವಿ ಇದೆ, ಎಷ್ಟು ಲೆವೆಲ್ ಇದೆ ಅನ್ನೋದೆಲ್ಲ ಅವರ ಪೇಜಲ್ಲೇ ಸಿಗ್ತದೆ ಬಿಡಿ.

ಶಿರಸಿಲಿ ನಂದೊಂದು ಝೆರಾಕ್ಸ್ ಮತ್ತೆ ಡಿಟಿಪಿ ಅಂಗಡಿ, ಕಂಪ್ಯೂಟರ್ ಹಳೇದು, ಫೋನ್‌ನಲ್ಲಿ ಜಾಗ ಇಲ್ಲ, ಹಾಗಾಗಿ ಡೌನ್‌ಲೋಡ್ ಇಲ್ದೇ ಆಡೋ ಆಟನೇ ಬೇಕಿತ್ತು. ಮೊದ್ಲೆಲ್ಲ ಇಂಥ ಆಟ ಫ್ಲ್ಯಾಶ್ ಅನ್ನೋ ಬ್ರೌಸರ್ ಪ್ಲಗಿನ್‌ನಲ್ಲಿ ಬರ್ತಿತ್ತು, 2020ರ ಡಿಸೆಂಬರ್ ಕೊನೆಗೆ ಫ್ಲ್ಯಾಶ್ ನಿಂತ್ಮೇಲೆ ಅದೆಷ್ಟೋ ಆಟ ಹಾಗೇ ಸತ್ತೋದ್ವು. ಇದು ಎಚ್‌ಟಿಎಂಎಲ್5, ಅಂದ್ರೆ ಬೇರೇನೂ ಹಾಕದೇ ಬ್ರೌಸರ್ ತಾನೇ ಓಡಿಸೋ ಥರದ್ದು, ನನ್ನ ಹಳೇ ಕಂಪ್ಯೂಟರ್‌ನಲ್ಲೂ ಒಂದು ಟ್ಯಾಬ್ ಕನ್ನಡ ಟೈಪಿಂಗ್, ಒಂದು ಟ್ಯಾಬ್ ಇದು ಅಂತ ಆರಾಮಾಗಿ ಓಡ್ತದೆ.

ಬೆಳಿಗ್ಗೆ ಶಟರ್ ಎತ್ತಿ, ಕಸ ಹೊಡೆದು, ದೇವರ ಫೋಟೋಕ್ಕೆ ಊದುಬತ್ತಿ ಹಚ್ಚಿ, ಯುಪಿಎಸ್ ಆನ್ ಮಾಡಿ, ಪ್ರಿಂಟರ್ ಬಿಸಿ ಆಗೋ ಅಷ್ಟು ಹೊತ್ತಿಗೆ ನಂದು ಒಂದು ಸುತ್ತು ಆಗ್ತದೆ. ಮೊದ್ಲು ಮೊಟ್ಟೆ ತಿರುಗಿಸೋದು (ದಿನಕ್ಕೊಂದ್ಸಲ ತಿರುಗಿಸಿದ್ರೆ ಬೇಗ ಒಡೀತದೆ), ಆಮೇಲೆ ಎಲ್ಲರಿಗೂ ಊಟ. ನೀರಿನ ಜೀವಿಗಳಿಗೆಲ್ಲ ನಮ್ಮ ಹೊಳೆ ಹೆಸರು ಇಟ್ಟಿದ್ದೇನೆ: ಶಾಲ್ಮಲಾ, ಅಘನಾಶಿನಿ, ಕಾಳಿ, ಗಂಗಾವಳಿ. ಹಸಿರು ಗುಂಡಗಿರೋ ಒಂದು ಗಿಡದ ಮರಿ ಇದೆ, ಅದು ಅಪ್ಪೆಮಿಡಿ. ಊಟ ಹಾಕಿದಾಗ ಅಪ್ಪೆಮಿಡಿ ಒಂದು ಕಣ್ಣು ಮುಚ್ಚಿ ತಲೆಮೇಲಿನ ಎಲೆ ಅಲ್ಲಾಡಿಸ್ತದೆ, ಅದನ್ನ ಬಿಡಿಸಿದ ಪುಣ್ಯಾತ್ಮ ಯಾರೋ ಏನೋ, ಇಷ್ಟು ದಿನ ಆದ್ರೂ ನೋಡೋಕೆ ಬೇಜಾರು ಬಂದಿಲ್ಲ.

ಇನ್ನು ಕಾಳಗ. ಇದು ನಿಜವಾಗ್ಲೂ ಚೆನ್ನಾಗಿದೆ, ಒಪ್ಪಲೇಬೇಕು. ನೀರು ಬೆಂಕಿಯನ್ನ ಸೋಲಿಸ್ತದೆ, ಬೆಂಕಿ ಗಿಡವನ್ನ, ಗಿಡ ನೀರನ್ನ, 1996ರಲ್ಲಿ ಜಪಾನಲ್ಲಿ ಪೋಕೆಮಾನ್ ಬಂದಾಗಿಂದ ಎಲ್ಲರಿಗೂ ಗೊತ್ತಿರೋ ಲೆಕ್ಕ. ಆದ್ರೆ ಇಲ್ಲಿ ತಲೆ ಓಡಿಸೋರಿಗೆ ಅದಕ್ಕಿಂತ ಜಾಸ್ತಿ ಇದೆ. ಮೊನ್ನೆ ಒಬ್ಬ ಜೆಮ್ ಕೊಟ್ಟು ತಗೊಂಡ ಮಿಂಚಿನ ಹಕ್ಕಿ ಇಳಿಸಿದ, ನಂದು ಫ್ರೀ ಮೊಟ್ಟೆಲಿ ಬಂದ ನೀರಾಮೆ ಅಘನಾಶಿನಿ, ಮಿಂಚಿನ ಮುಂದೆ ನೀರು ನಿಲ್ಲೋದಿಲ್ಲ, ಅಂದ್ರೆ ಲೆಕ್ಕದ ಪ್ರಕಾರ ನಾನು ಸೋಲ್ಬೇಕು. ಹಕ್ಕಿ ಒಂದು ಸಲ ಹೊಡೆದ್ರೆ ಆಮೆದು ಅರ್ಧಕ್ಕಿಂತ ಚೂರು ಕಮ್ಮಿ ಜೀವ ಹೋಗ್ತದೆ. ನಾನು ಮೊದಲ ಸುತ್ತಲ್ಲೇ ವಿಷ ಹಾಕಿದೆ. ಈ ಆಟದಲ್ಲಿ ವಿಷ ಸುತ್ತಿಗೆ ಎಂಟರಲ್ಲೊಂದು ಪಾಲು ಜೀವ ತಿಂತದೆ, ಹಾಗಾಗಿ ಎಂಟು ಸುತ್ತು ತಡ್ಕೊಂಡ್ರೆ ಸಾಕು. ಒಂದು ಸುತ್ತು ಚಿಪ್ಪೊಳಗೆ ಹೋಗೋದು, ಮುಂದಿನ ಸುತ್ತು ಸೊಪ್ಪು ತಿಂದು ಅರ್ಧ ಜೀವ ವಾಪಸ್ ತಗೊಳೋದು, ಮತ್ತೆ ಚಿಪ್ಪು. ನಡುವೆ ಒಂದೇ ಒಂದು ಡಬಲ್ ಹೊಡೆತ ಬಿದ್ದಿದ್ರೆ ಕತೆ ಮುಗೀತಿತ್ತು, ಬೀಳ್ಲಿಲ್ಲ, ಎಂಟನೇ ಸುತ್ತಿಗೆ ಹಕ್ಕಿ ದೊಪ್ಪಂತ ಬಿತ್ತು. ಕಾಸು ಕೊಡದೇ ಇರೋನು ತಾಳ್ಮೆ ಇದ್ರೆ ಗೆಲ್ಲಬಹುದು ಅನ್ನೋದೇ ನಾನು ಈ ಆಟದಲ್ಲಿ ಉಳಿದಿದ್ದಕ್ಕೆ ಕಾರಣ. ಸುತ್ತಿಗೆ ತೊಂಬತ್ತು ಸೆಕೆಂಡ್ ಟೈಮ್ ಬೇರೆ ಇದೆ, ನಡುವೆ ಗಿರಾಕಿ ಬಂದು ಆಧಾರ್ ಎರಡು ಕಾಪಿ ಕೊಡಿ ಅಂದ್ರೂ ಕೊಟ್ಟು ಬಂದು ಆಡಬಹುದು, ನೆಟ್ ಒಂದ್ನಿಮಿಷ ಕಟ್ ಆದ್ರೂ ಕಾಳಗ ಹಾಗೇ ಇರ್ತದೆ.

ಇಷ್ಟೇ ಆಗಿದ್ರೆ ಐದಕ್ಕೆ ಐದು ಸ್ಟಾರ್ ಕೊಟ್ಟು ಮುಗಿಸ್ತಿದ್ದೆ.

ಸಮಸ್ಯೆ ಇರೋದು ಸ್ಟ್ರೀಕ್‌ನಲ್ಲಿ. ತಪ್ಪದೇ ಇಪ್ಪತ್ತೆಂಟು ದಿನ ಲಾಗಿನ್ ಆದ್ರೆ ಒಂದು ಅಪರೂಪದ ಮೊಟ್ಟೆ, ಫ್ರೀಯಾಗಿ ಆಡೋರಿಗೆ ಒಳ್ಳೇ ಜೀವಿ ಸಿಗೋದಕ್ಕೆ ಅದೊಂದೇ ಖಾತ್ರಿ ದಾರಿ. ಒಂದು ದಿನ ತಪ್ಪಿದ್ರೂ ಸೊನ್ನೆ. ಈಗ ನಮ್ಮ ಕಡೆ ಜುಲೈ ಹೇಗಿರ್ತದೆ ಅಂತ ಇಲ್ಲಿಯವರಿಗೆ ಹೇಳ್ಬೇಕಾ? ಗಾಳಿ ಮಳೆಗೆ ಲೈನ್ ಮೇಲೆ ಮರ ಬೀಳ್ತದೆ, ಲೈನ್‌ಮ್ಯಾನ್‌ಗಳು ಪಾಪ ಆ ಮಳೆಲೇ ಕಾಡೊಳಗೆ ಕಂಬ ಹತ್ತಿರ್ತಾರೆ, ಕರೆಂಟ್ ಬರೋಕೆ ದಿನಗಟ್ಟಲೆ ಬೇಕು, ಟವರ್ ಬ್ಯಾಟರಿ ಖಾಲಿ ಆದ್ಮೇಲೆ ಫೋನಲ್ಲೂ ನೆಟ್ ಇಲ್ಲ. ಮನೆ ಇರೋದು ಹುಲೇಕಲ್ ಕಡೆ, ಪೇಟೆಗೆ ಬರೋ ರಸ್ತೇನೇ ಬಂದ್ ಆದ್ರೆ ಅಂಗಡಿ ಮಾತು ಎಲ್ಲಿಂದ ಬಂತು. ಅಂತೂ ನೆಟ್ ಬಂದು ಆಟ ತೆಗೆದ್ರೆ ಮೊದ್ಲು ಕಾಣೋದು ಅಪ್ಪೆಮಿಡಿ ಅಳೋ ಚಿತ್ರ, ಅದರ ಕೆಳಗೆ ಕೆಂಪು ಬಟನ್: ಅರವತ್ತು ಜೆಮ್ ಕೊಟ್ಟು ಸ್ಟ್ರೀಕ್ ಸರಿ ಮಾಡ್ಕೊಳ್ಳಿ. ಅದೂ ತಪ್ಪಿದ ಒಂದೊಂದು ದಿನಕ್ಕೂ ಅರವತ್ತು!

ನನಗೆ ಸಿಟ್ಟು ಬಂದಿದ್ದು ದುಡ್ಡಿಗಲ್ಲ. ಇಷ್ಟು ಪ್ರೀತಿಯಿಂದ ಮಾಡಿದ ಜೀವಿಯನ್ನೇ ಅಳೋ ಹಾಗೆ ತೋರಿಸಿ ದುಡ್ಡು ಕೇಳ್ತಾರಲ್ಲ, ಅದಕ್ಕೆ. ಅಕ್ಕನ ಮಗ ರಜೆಗೆ ಬಂದಾಗ ಅವನ ಅಕೌಂಟಲ್ಲೂ ಹೀಗೇ ಆಯ್ತು, ಮಾಣಿ ಮುಖ ಸಣ್ಣ ಮಾಡ್ಕೊಂಡು ಬಂದು "ಮಾವ, ಅರವತ್ತು ಜೆಮ್ ಬೇಕಾಜು, ಇಲ್ದಿದ್ರೆ ಅದು ಅಳ್ತಾನೇ ಇರ್ತು" ಅಂದ. ಹತ್ತು ವರ್ಷದ ಹುಡುಗನಿಗೆ ಅದು ಬಟನ್ ಅಲ್ಲ, ಹಸಿದ ಮರಿ.

ಜೆಮ್ ಲೆಕ್ಕನೂ ನೋಡಿ. 89 ರೂಪಾಯಿಗೆ 100 ಜೆಮ್, ಒಂದು ಮೊಟ್ಟೆಗೆ 40. ಎರಡು ಮೊಟ್ಟೆ ತಗೊಂಡ್ರೆ 20 ಉಳೀತದೆ, ಅದು ಯಾವುದಕ್ಕೂ ಸಾಲೋದಿಲ್ಲ, ಉಳಿದದ್ದು ಹಾಳಾಗ್ಬಾರ್ದು ಅಂತ ಮತ್ತೆ 89 ಹಾಕ್ಬೇಕು ಅನ್ನಿಸ್ತದೆ. ದೊಡ್ಡ ಜೀವಿ ಬರೋ ಚಾನ್ಸ್ ನೂರಕ್ಕೆ ಒಂದು ಅಂತ ಬರೆದಿದ್ದಾರೆ, ನೂರು ಮೊಟ್ಟೆ ಒಡೆದ್ರೆ ಗ್ಯಾರಂಟಿ ಅಂತ ಹುಡುಗ್ರು ತಿಳ್ಕೊಂಡಿರ್ತಾರೆ. ಹಾಗಲ್ಲ. 0.99 ಅನ್ನೋದನ್ನ ನೂರು ಸಲ ಗುಣಿಸಿ ನೋಡಿ, ಸುಮಾರು 0.37 ಬರ್ತದೆ, ಅಂದ್ರೆ ನೂರು ಮೊಟ್ಟೆ ಒಡೆದ ನೂರು ಜನರಲ್ಲಿ ಸುಮಾರು 37 ಜನಕ್ಕೆ ಸಿಗೋದೇ ಇಲ್ಲ. ನೂರು ಮೊಟ್ಟೆಗೆ 3,560 ರೂಪಾಯಿ. ದುಡ್ಡು ಕೊಟ್ಟು ಅದೃಷ್ಟದ ಪೆಟ್ಟಿಗೆ ಒಡೆಯೋದು ಜೂಜು ಅಂತ ಬೆಲ್ಜಿಯಂನವರು 2018ರಲ್ಲೇ ಹೇಳಿದ್ರು. ನಮ್ಮಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಿಡಿದಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಗಳನ್ನ, ಇಲ್ಲಿ ದುಡ್ಡು ವಾಪಸ್ ಬರೋದೇ ಇಲ್ವಲ್ಲ.

ಇನ್ನೊಂದು ವಿಷ್ಯ, ಪ್ಲೇ ಸ್ಟೋರ್‌ನಲ್ಲಿ ತಗೊಂಡಿದ್ದಾದ್ರೆ 48 ಗಂಟೆ ಒಳಗೆ ಗೂಗಲ್‌ಗೇ ರೀಫಂಡ್ ಕೇಳಬಹುದು, ಬ್ರೌಸರ್ ಆಟದಲ್ಲಿ ಯುಪಿಐ ಹೊಡೆದ್ರೆ ಆ ದಾರಿ ಇಲ್ಲ, ಆಟದವರಿಗೇ ಮೇಲ್ ಹಾಕ್ಬೇಕು. ನಾನು ಹಾಕಿದೆ, ರೀಫಂಡಿಗಲ್ಲ, ತಿಂಗಳಿಗೆ ಮೂರ್ನಾಲ್ಕು ದಿನ ರಿಯಾಯ್ತಿ ಕೊಡಿ, ಮಳೆ ಬರೋ ಊರಲ್ಲೂ ನಿಮ್ಮ ಆಟ ಆಡೋರು ಇದ್ದಾರೆ ಅಂತ. ಬಂದ ಉತ್ತರದಲ್ಲಿ ಜೆಮ್ ಅಂಗಡಿ ಲಿಂಕ್ ಇತ್ತು. ಮತ್ತೆ ಬರ್ದಿದ್ದೇನೆ, ಈ ಸಲ ಟವರ್ ಆಫ್ ಇದ್ದ ದಿನಗಳ ಪಟ್ಟಿ ಸಮೇತ.

ಈಗ ನಾನು ಮಾಡೋದು ಇಷ್ಟು. ತಿಂಗಳ ಪಾಸ್ (ತಿಂಗಳು ತಿಂಗಳು ದುಡ್ಡು ಕಟ್ ಆಗೋದು) ಅಡಿಕೆ ಕೊಯ್ಲಿನ ಟೈಮಿಂದ ಮೇ ತನಕ ಮಾತ್ರ, ನನ್ನ ಬಜೆಟ್ಟಿಗೆ ಅದು ಭಾರ ಅಲ್ಲ, ಅಪ್ಪೆಮಿಡಿ ಬಿಡಿಸಿದವರಿಗೂ ಸಂಬಳ ಆಗ್ಬೇಕಲ್ಲ. ಮಳೆಗಾಲದಲ್ಲಿ ಸ್ಟ್ರೀಕ್ ಕಡೆ ನೋಡೋದೇ ಇಲ್ಲ, ಬರೀ ಕಾಳಗ. ಆಟದ ದಿನ ಬದಲಾಗೋದು ನಮ್ಮ ಬೆಳಿಗ್ಗೆ ಐದೂವರೆಗೆ, ರಾತ್ರಿ ಹನ್ನೆರಡಕ್ಕಲ್ಲ, ಹಾಗಾಗಿ ರಾತ್ರಿ ಕರೆಂಟ್ ಹೋಗಿ ನಸುಕಲ್ಲಿ ಬಂದ್ರೂ ಆ ದಿನ ಉಳೀತದೆ, ಇದು ಹೊಸಬರಿಗೆ ಗೊತ್ತಿರೋದಿಲ್ಲ. ಪಾಸ್ ನಿಲ್ಲಿಸೋ ಬಟನ್ ಆಟದೊಳಗೆ ಹುಡುಕ್ತಾ ಕೂರ್ಬೇಡಿ, ನಿಮ್ಮ ಯುಪಿಐ ಆ್ಯಪ್‌ನಲ್ಲೇ ಆಟೋಪೇ ಅಂತ ಇರ್ತದೆ, ಅಲ್ಲಿಂದ ಕ್ಯಾನ್ಸಲ್ ಮಾಡಿ. ದುಡ್ಡು ಕಟ್ ಆಗೋ ಹಿಂದಿನ ದಿನ ಮೆಸೇಜ್ ಬರ್ತದೆ, ಅದು ಬಂದಾಗ ಮಾಡಿದ್ರೂ ತಡ ಆಗೋದಿಲ್ಲ.